ಹಸನು ಮಾಡಿದ ನೆಲ

ಸಗಣಿ ಸಾರಿಸಿದ ಹಸಿ ನೆಲದ ವಾಸನೆ ಬಂದರೆ ಕೆಲವರಿಗೆ ಅಜ್ಜಿಯ ಮನೆ ನೆನಪಾಗುತ್ತದೆ, ಕೆಲವರಿಗೆ ಹಬ್ಬ. ನಾನು ಮಾತ್ರ ಆ ಓಣಿ ಬಿಟ್ಟು ಇನ್ನೊಂದು ಓಣಿ ಹಿಡಿಯುತ್ತೇನೆ. ಸಗಣಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆ ವಾಸನೆಯ ನಡುವೆ ನಿಂತು ಒಮ್ಮೆ ನಾನೊಂದು ಮಾತು ಆಡಬೇಕಿತ್ತು, ಆಡಲಿಲ್ಲ. ಆಡಿದ್ದು ಹದಿನಾಲ್ಕು ವರ್ಷದ ಮೇಲೆ, ಈ ವರ್ಷ, ಅದೂ ಸರ್ಕಾರ ನನ್ನನ್ನು ಅಲ್ಲಿಗೆ ಅಟ್ಟಿದ್ದರಿಂದ.

ಬೇಸಿಗೆಗೆ ಮುಂಚೆ ಮನೆಮನೆ ಸಮೀಕ್ಷೆ ಬಂತು. ಸಮೀಕ್ಷೆ ಬಂತೆಂದರೆ ನಮ್ಮಂಥ ಮಾಸ್ತರರೆಲ್ಲ ಬೀದಿಗೆ ಬಿದ್ದೆವೆಂದೇ ಅರ್ಥ. ನಾನು ಯಲಬುರ್ಗಾದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವವಳು. ನನ್ನ ಪಾಲಿನ ಪಟ್ಟಿಯಲ್ಲಿ ಬೇವೂರಿನಿಂದ ಆಚೆಗಿರುವ ಆ ಊರಿನ ಹೆಸರಿತ್ತು. ಬೇರೆ ಊರು ಕೊಡಿ ಎಂದು ಕಚೇರಿಗೆ ಹೋಗಿ ಕೇಳಿದೆ. "ಯಾಕ್ರಿ ಮೇಡಂ, ಊರಬಾಗಿಲತನಕಾ ಬಸ್ ಐತಲ್ಲ?" ಎಂದರು ಗುಮಾಸ್ತರು. ಬಸ್ಸಿತ್ತು. ನಾನು ಕೆಲಸಕ್ಕೆ ಸೇರಿದಾಗಿನಿಂದಲೂ ಇತ್ತು. ನಾನೇ ಹತ್ತಿರಲಿಲ್ಲ.

ಸಮೀಕ್ಷೆಯ ಪ್ರಶ್ನೆಗಳೆಲ್ಲ ಮೊಬೈಲಿನಲ್ಲಿದ್ದವು. ಗೋಡೆ ಯಾವುದರದು, ಛಾವಣಿ ಯಾವುದರದು, ನೆಲ ಯಾವುದರದು. ಎರಡು ದಿನ ಬರೀ ಟೈಲ್ಸು, ಸಿಮೆಂಟು, ಫರಸಿ ಕಲ್ಲು ಎಂದು ಒತ್ತಿಕೊಂಡು ಬಂದೆ. ಮೂರನೆಯ ಬೆಳಿಗ್ಗೆ ಕೊನೆಯ ಓಣಿಗೆ ತಿರುಗುವಾಗ ಆ ವಾಸನೆ ಬಂತು. ಯಾರ ಮನೆಯೆಂದು ಕೇಳುವ ಅಗತ್ಯವಿರಲಿಲ್ಲ. ಪಕ್ಕದಲ್ಲೇ ಬತ್ತಿದ ಬಾವಿಯ ಕಟ್ಟೆ ಇತ್ತು, ಅದರ ಮೇಲೆ ಕೂತುಬಿಟ್ಟೆ.

ಹದಿನಾಲ್ಕು ವರ್ಷದ ಹಿಂದಿನ ಆ ವರ್ಷ ನಾನು ಇತಿಹಾಸ ಓದುತ್ತಿದ್ದೆ, ಸಂಶೋಧನೆ ಎಂಬ ದೊಡ್ಡ ಹೆಸರಿನಲ್ಲಿ. ನಮ್ಮ ಮಾರ್ಗದರ್ಶಕರು, ಎಲ್ಲರ ಬಾಯಲ್ಲೂ ಬರೀ 'ಸರ್', ಈ ಊರಿನ ಬೂದಿದಿಬ್ಬವನ್ನು ಅಗೆಯಲು ಅನುಮತಿ ತಂದಿದ್ದರು. ಊರಿನಿಂದ ಅರ್ಧ ಹರದಾರಿ, ಅರ್ಧ ತಾಸಿನ ನಡಿಗೆಯಷ್ಟು ದೂರ, ಕಪ್ಪು ಮಣ್ಣಿನ ಎರೆಹೊಲದ ನಡುವೆ, ಆಳೆತ್ತರಕ್ಕಿಂತ ಮೇಲಿನ ಬೂದುಬಣ್ಣದ ದಿಬ್ಬ. ರಕ್ಕಸನೊಬ್ಬನನ್ನು ಸುಟ್ಟ ಬೂದಿ ಅದು ಎಂದು ಊರಿನವರು ನಂಬಿದ್ದರು. ನಂಬಿಕೊಂಡೇ ಚಕ್ಕಡಿಗಟ್ಟಲೆ ಒಯ್ದು ಹೊಲಕ್ಕೆ ಹಾಕುತ್ತಿದ್ದರು. ಹೊಲದ ಯಜಮಾನ ಶೇಖರಪ್ಪ ಸರ್‌ಗೆ ಕೈಮುಗಿದು ಒಂದೇ ಮಾತು ಹೇಳಿದ್ದ: "ಒಂದು ಬ್ಯಾಸಗಿ ಅಗದು ಬಿಡ್ರಿ ಸರ್. ಆಮ್ಯಾಲ ನನಗ ನನ್ನ ಹೊಲ ಬೇಕು."

ಸಂಕ್ರಾಂತಿ ಕಳೆದು ಬಿಳಿಜೋಳ ಕೊಯ್ದಾಗಿತ್ತು. ಸುತ್ತ ಹೊಲಗಳಲ್ಲಿ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಎರೆಮಣ್ಣು ಕೈ ಇಳಿಯುವಷ್ಟು ಬಿರಿದಿತ್ತು. ಒಂಬತ್ತು ಗಂಟೆಗೆಲ್ಲ ಗಾಳಿ ಏಳುತ್ತಿತ್ತು. ಅಗೆದ ಬೂದಿ ಕಣ್ಣಿಗೆ, ಬಾಯಿಗೆ, ಬುತ್ತಿಯ ರೊಟ್ಟಿಗೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ, ಅನ್ನ ಉಂಡು, ವರ್ಷವಿಡೀ ಹಸಿರು ನೋಡಿ ಬೆಳೆದ ನನಗೆ ಮೊದಲ ವಾರವೇ ಸಾಕುಸಾಕಾಯಿತು. ಮಧ್ಯಾಹ್ನ ನೆರಳು ಎಂದರೆ ಇದ್ದದ್ದು ಒಂದು ಜಾಲಿಗಿಡ. ಅದರ ಕೆಳಗೆ ಸರ್, ನಾನು ಮತ್ತು ಎಂಟು ಮಂದಿ ಆಳು ಹೆಣ್ಣುಮಕ್ಕಳು, ಎಲ್ಲರೂ ಬೂದಿ ಬಳಿದುಕೊಂಡು ಒಂದೇ ಬಣ್ಣವಾಗಿ ಕೂರುತ್ತಿದ್ದೆವು.

ಆ ಎಂಟು ಮಂದಿಯಲ್ಲಿ ಒಬ್ಬಳು ಹನುಮವ್ವ. ನಲವತ್ತರ ಆಸುಪಾಸು, ಕಡ್ಡಿಯಂಥ ಆಳು, ಬಾಯಿ ಮಾತ್ರ ಜೋರು. ನನ್ನನ್ನು ಮೊದಲೆರಡು ದಿನ "ಮೇಡಮ್ಮಾರ" ಎಂದಳು, ಮೂರನೆಯ ದಿನ ನಾನು ಬುಟ್ಟಿ ಎತ್ತಲಾರದೆ ಕುಸಿದು ಕೂತಾಗ ನಕ್ಕು "ಗಂಗಾವತಿ ತಂಗಿ" ಮಾಡಿಕೊಂಡಳು. ಜೀವನವಿಡೀ ಕಳೆ ತೆಗೆದ ಕೈ ಅವಳದು. ಮಣ್ಣಿನ ಬಣ್ಣ ಕೂದಲೆಳೆಯಷ್ಟು ಬದಲಾದರೂ ಕೆರೆಯುತ್ತಿದ್ದ ಕರಣಿ ನಿಲ್ಲಿಸುತ್ತಿದ್ದಳು. ನಾನು ಪುಸ್ತಕ ಓದಿ ಬಂದವಳು, ಪದರ ದಾಟಿ ಕೆರೆದುಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಅವಳ ಬಾಯಲ್ಲಿ ಒಂದು ಶಬ್ದ ಸದಾ ಇರುತ್ತಿತ್ತು: ಹಸನ. ಮೊರದಲ್ಲಿ ಜೋಳದ ಕಲ್ಲು ಆರಿಸಿದರೆ ಜೋಳ ಹಸನ. ಕೂಳೆ ಕಿತ್ತು, ರಂಟೆ ಹೊಡೆದು, ಕುಂಟೆ ಎಳೆದರೆ ಹೊಲ ಹಸನ. ತಲೆ ಬಾಚಿದರೆ ತಲೆ ಹಸನ. ನನ್ನ ಬರವಣಿಗೆ ನೋಡಿ, ಓದು ಬಾರದಿದ್ದರೂ, "ಅಕ್ಷರ ಭಾಳ ಹಸನ ಅದಾವು" ಎಂದಿದ್ದಳು. ಆ ಶಬ್ದ ನನಗೆ ಹಿಡಿಸಿಬಿಟ್ಟಿತು. ಬ್ರಷ್ ಹಾಕಿ ಧೂಳು ತೆಗೆಯಿರಿ ಎನ್ನುವ ಬದಲು ನಾನೂ "ಹಸನ ಮಾಡ್ರಿ" ಎನ್ನತೊಡಗಿದೆ. ಇಲ್ಲಿಯ ಮಾತು ಕಲಿತೆನೆಂದು ಒಳಗೊಳಗೇ ಜಂಬ.

ಸರ್ ಒಳ್ಳೆಯವರೇ. ದಕ್ಷಿಣದ ಕಡೆಯವರು, ಮೆಲುಮಾತು. ಜಾಲಿಗಿಡದ ಕೆಳಗೆ ಅವರು ಹೆಣ್ಣುಮಕ್ಕಳಿಗೂ ಪಾಠ ಹೇಳುತ್ತಿದ್ದರು. ಇದು ರಾಕ್ಷಸನ ಬೂದಿಯಲ್ಲ, ಮೂರು-ನಾಲ್ಕು ಸಾವಿರ ವರ್ಷದ ಹಿಂದೆ ದನ ಕಟ್ಟಿಕೊಂಡಿದ್ದ ಜನ ದೊಡ್ಡಿಯ ಸಗಣಿ ಒಟ್ಟಿ ಒಟ್ಟಿ ಸುಟ್ಟಿದ್ದು ಎಂದು ಒಂದು ದಿನ ಹೇಳಿದರು.

"ಹೆಂಡಿ ಸುಟ್ಟು ಬೂದಿ ಮಾಡಾಕ ರಕ್ಕಸ ಯಾಕ ಬೇಕ್ರಿ?" ಎಂದಳು ಹನುಮವ್ವ. "ನಾವ್ ದಿನಾ ಒಲ್ಯಾಗ ಮಾಡ್ತೀವಲ್ಲ."

ಸರ್ ನಕ್ಕು ಮುಂದುವರಿಸಿದರು. "ಅದಕ್ಕೂ ಮೊದಲು ಜನ ಒಂದು ಕಡೆ ಇರುತ್ತಿರಲಿಲ್ಲ. ಬೇಟೆ, ಗೆಡ್ಡೆ, ಹಣ್ಣು, ಹುಲ್ಲಿನ ಕಾಳು. ಇಲ್ಲಿ ಮುಗಿಯಿತೆಂದರೆ ಮುಂದಕ್ಕೆ. ಆಮೇಲೆ ದನ ಸಾಕಿದರು. ಆಮೇಲೆ ಹುರುಳಿ, ಹೆಸರು, ಸಣ್ಣಕಾಳು ಬಿತ್ತಿದರು. ಬಿತ್ತಿದ ಮೇಲೆ ಬೆಳೆ ಬರುವ ತನಕ ಕಾಯಬೇಕಲ್ಲ, ನಿಂತರು."

"ಅಂದ್ರ ಗುಳೇ ಹೋಗೋದು ಬಿಟ್ರು ಅನ್ರಿ."

ಸರ್ ತಲೆಯಾಡಿಸಿದರು. "ಹಾಗೇ ಅನ್ನಬಹುದು" ಎಂದರು.

ಅವಳಿಗೆ ಅದು ಪಾಠವಾಗಿರಲಿಲ್ಲ. ಜೋಳ ಕೊಯ್ದ ಮೇಲೆ ಮುಂಗಾರಿನ ತನಕ ಆ ಹೊಲಗಳಲ್ಲಿ ಯಾರಿಗೂ ಕೆಲಸವಿಲ್ಲ. ಪ್ರತಿ ವರ್ಷ ಮೇಸ್ತ್ರಿ ಲಾರಿ ತಂದು ಊರಬಾಗಿಲಲ್ಲಿ ನಿಲ್ಲಿಸುತ್ತಿದ್ದ. ಅರ್ಧ ಊರು ಕರಾವಳಿಯ ರಸ್ತೆ ಕೆಲಸಕ್ಕೆ ಗುಳೆ ಹೋಗುತ್ತಿತ್ತು. ಹನುಮವ್ವ ತನ್ನ ಹದಿನಾರನೇ ವಯಸ್ಸಿನಿಂದ ಹೋದವಳು. ಗಂಡ ಬೇರೆಯವರ ಕುರಿ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಆದರೆ ಆ ವರ್ಷ ಮಗಳು ರೇಣವ್ವ ಚೊಚ್ಚಿಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು. ನಮ್ಮ ಅಗೆತದ ಕೆಲಸ ಸಿಕ್ಕದ್ದೇ ತಡ, ಹನುಮವ್ವ ಮೇಸ್ತ್ರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು.

"ಯುಗಾದಿತನಕಾ ನಿಮ್ಮ ಕೆಲಸ ನಡದ್ರ ಸಾಕು ತಂಗಿ," ಎನ್ನುತ್ತಿದ್ದಳು. "ನನ್ನ ಮಗಳು ನನ್ನ ಮನಿ ಮೂಲ್ಯಾಗ ಹಡೀತಾಳ. ನಾನು ರೇಣಿನ್ನ ಗುಳೇ ಹೋದಲ್ಲಿ ತಾಡಪತ್ರಿ ಕೆಳಗ ಹಡದೀನಿ, ಮಳ್ಯಾಗ. ಅದು ಅಕಿಗೆ ಬ್ಯಾಡ."

ರೇಣವ್ವ ಆಗೀಗ ಬುತ್ತಿ ತೆಗೆದುಕೊಂಡು ಹೊಲಕ್ಕೇ ಬರುತ್ತಿದ್ದಳು. ಹೊಟ್ಟೆ ಹೊತ್ತು ಬದುವಿನ ಮೇಲೆ ನಿಧಾನಕ್ಕೆ ನಡೆದು ಬರುವವಳನ್ನು ಕಂಡರೆ ಹನುಮವ್ವ ಕುಣಿಯೊಳಗಿಂದಲೇ ಬೈಯುತ್ತಿದ್ದಳು, ಬೈಗುಳದಲ್ಲಿ ಸಂತೋಷ ತುಂಬಿರುತ್ತಿತ್ತು. ನಾವು ತೋಡಿದ ಚೌಕ ಗುಂಡಿಗೆ ಅವರು ಕುಣಿ ಎನ್ನುತ್ತಿದ್ದರು. ಹೆಣ ಹೂಳುವ ಗುಂಡಿಗೂ ಅದೇ ಹೆಸರು.

ಮಾಘ ಮುಗಿಯುವ ಹೊತ್ತಿಗೆ ದಿಬ್ಬದ ಪೂರ್ವ ಮಗ್ಗುಲಲ್ಲಿ ನೆಲ ಸಿಕ್ಕಿತು. ಬರೀ ಮಣ್ಣಲ್ಲ, ಮನೆಯ ನೆಲ. ದುಂಡನೆಯ ಗುಡಿಸಲೊಂದರ ಒಳನೆಲ, ಗಟ್ಟಿಯಾಗಿ ಮೆತ್ತಿದ್ದು, ನಡುವೆ ಒಲೆಯ ಕರಿಕಲೆ. ನಾನು ಅಂಚನ್ನು ಕತ್ತರಿಸಿ ಪದರ ಎಣಿಸಲು ತಿಣುಕುತ್ತಿದ್ದೆ. ಹನುಮವ್ವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು.

"ಸಾರಿಸ್ಯಾಳ ನೋಡು. ಒಂದು, ಎರಡು, ಮೂರು... ಏಳು ಸಲ ಮೆತ್ಯಾಳ ಇಕಿ. ನೆಲದ ಮ್ಯಾಲ ಭಾಳ ಪ್ರೀತಿ ಇತ್ತು ಇಕಿಗೆ."

'ಇಕಿ' ಎಂದಳು. ಇಕಿ ಎಂದರೆ ಈಕೆ, ಪಕ್ಕದ ಮನೆಯಾಕೆಯ ವಿಚಾರ ಎನ್ನುವ ಹಾಗೆ. ನಾನು ನೋಟ್‌ಬುಕ್ಕಿನಲ್ಲಿ 'ನೆಲ, ಏಳು ಪದರ' ಎಂದು ಬರೆದುಕೊಂಡೆ.

ಅದರ ಮರುದಿನ ಅದೇ ನೆಲದ ಅಂಚಿನಲ್ಲಿ, ಮೆತ್ತಿದ ಪದರದ ಕೆಳಗೆ, ಬೂದುಬಣ್ಣದ ಗಡಿಗೆಯ ಹೊಟ್ಟೆ ಕಂಡಿತು. ಅಡ್ಡ ಮಲಗಿಸಿದ ಗಡಿಗೆ, ಬಾಯಿಗೆ ಇನ್ನೊಂದು ಮಡಕೆಯ ತುಂಡು ಮುಚ್ಚಿತ್ತು. ನಾನು ಕೈ ಹಾಕಲು ಹೋದೆ. ಹನುಮವ್ವ ನನ್ನ ಮಣಿಕಟ್ಟು ಹಿಡಿದಳು.

"ಕೈ ತಗಿ ತಂಗಿ. ಅದರಾಗ ಕೂಸೈತಿ."

"ನಿಮಗ ಹ್ಯಾಂಗ ಗೊತ್ತು?"

"ಹಲ್ಲ ಬರಲಾರದ ಕೂಸಿನ್ನ ದೂರ ಒಯ್ಯಂಗಿಲ್ಲ. ಮನೀ ಬಾಜೂಕ ಇಡ್ತೀವಿ. ನಂದೂ ಒಂದೈತಿ, ನಮ್ಮ ಬಚ್ಚಲ ಹಿಂದ. ರೇಣಿಗಿಂತ ಮೊದಲಿಂದು."

ಸರ್ ಬಂದು ಮುಚ್ಚಳದ ತುಂಡು ಸರಿಸಿದರು. ಬೆಂಕಿಕಡ್ಡಿಯಷ್ಟು ತೆಳ್ಳನೆಯ ಎಲುಬುಗಳು ಕಂಡವು. ಎಂಟೂ ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿ ನಿಂತರು. ಸರ್ ಮುಖದಲ್ಲಿ ನಾನು ಹಿಂದೆಂದೂ ನೋಡಿರದ ಬೆಳಕಿತ್ತು. "ಕೂಸನ್ನು ಮನೆಯ ನೆಲದಡಿ ಹೂಳಿದವರು ಆ ಮನೆ ಬಿಟ್ಟು ಹೋಗುವವರಲ್ಲ ಕಣಮ್ಮಾ" ಎಂದರು. "ಇವರು ನಿಂತಿದ್ದರು. ಬಿತ್ತುತ್ತಿದ್ದರೋ ಇಲ್ಲವೋ, ಅದೊಂದು ಗೊತ್ತಾಗಬೇಕು."

ಅದಕ್ಕೆ ದಾರಿ ಇದ್ದದ್ದು ಆ ನೆಲದಲ್ಲೇ. ಮಣ್ಣಿಗೆ ಯಾವುದೋ ಕಾಳಿನ ಹೊಟ್ಟು ಬೆರೆಸಿ ಮೆತ್ತಿದ್ದರು. ಆ ಹೊಟ್ಟು ಅಡವಿಯ ಹುಲ್ಲಿನದೋ ಬಿತ್ತಿ ಒಕ್ಕಿದ ಬೆಳೆಯದೋ ಎಂದು ಪರೀಕ್ಷೆ ಮಾಡಿದರೆ ಉತ್ತರ ಸಿಗುತ್ತಿತ್ತು. ಮಣ್ಣಿನ ಪರೀಕ್ಷೆಯವರು ಇಬ್ಬರು ಮರುದಿನ ಬೆಳಿಗ್ಗೆಯೇ ಬರುವುದೆಂದಾಯಿತು. ಮೇಲಿನ ಧೂಳೊಂದನ್ನು ಬ್ರಷ್ಷಿನಿಂದ ತೆಗೆದು ಫೋಟೋಕ್ಕೆ ಸಿದ್ಧ ಮಾಡಿಡಬೇಕು, ಅದು ನಿನ್ನ ಜವಾಬ್ದಾರಿ ಎಂದು ಸರ್ ನನಗೆ ಹೇಳಿದರು.

ನನಗೆ ಅಂದು ಸಂಜೆಯೇ ಯಲಬುರ್ಗಾಕ್ಕೆ ಹೋಗಿ ಹತ್ತಿ, ಚೀಲ ತರುವುದಿತ್ತು. ಬಸ್ಸು ಹಿಡಿಯುವ ಅವಸರದಲ್ಲಿ ಬದುವಿನ ಮೇಲಿಂದಲೇ ಕೂಗಿದೆ: "ಹನುಮಕ್ಕಾ, ಮುಂಜಾನೆ ಮಂದಿ ಬರ್ತಾರ. ಲಗೂನ ಬಂದು ನೆಲ ಹಸನ ಮಾಡಿ ಇಡ್ರಿ!"

"ಆತು ತಂಗಿ, ನೀ ಹೋಗು. ಎಲ್ಲಾ ಹಸನ ಮಾಡಿ ಇಡ್ತೀನಿ."

ನಮ್ಮ ಗಂಗಾವತಿ ಮನೆಯಲ್ಲಿ ಫರಸಿ ಕಲ್ಲಿನ ನೆಲ. ಹಸನು ಎಂದರೆ ಕಸಬರಿಗೆ, ಹೆಚ್ಚೆಂದರೆ ಒದ್ದೆ ಬಟ್ಟೆ. ಮಣ್ಣಿನ ನೆಲವಿರುವ ಮನೆಯಲ್ಲಿ, ಮಂದಿ ಬರುವ ದಿನ, ನೆಲ ಹಸನು ಮಾಡುವುದೆಂದರೆ ಏನು ಎಂದು ನನಗೆ ತಿಳಿದಿರಲಿಲ್ಲ ಎಂದರೆ ಅದು ಸುಳ್ಳು. ತಿಳಿದಿತ್ತು. ನೆನಪಿಗೆ ಬರಲಿಲ್ಲ.

ಬೆಳಿಗ್ಗೆ ಸರ್ ಮತ್ತು ಆ ಇಬ್ಬರು ಜೀಪಿನಲ್ಲಿ ಬರುತ್ತ ದಾರಿಯಲ್ಲಿ ನನ್ನನ್ನು ಹತ್ತಿಸಿಕೊಂಡರು. ಬದು ಹತ್ತುವ ಮೊದಲೇ ವಾಸನೆ ಬಂತು. ಕುಣಿಯ ಅಂಚಿಗೆ ಹೋಗಿ ನೋಡಿದರೆ ನೆಲ ಹಸಿರುಗಪ್ಪಾಗಿ ಹೊಳೆಯುತ್ತಿತ್ತು. ಒಲೆಯ ಕಲೆಯ ಮೇಲೂ ಅಂಗೈಯ ಅರ್ಧಚಂದ್ರದ ಗುರುತು, ಸಾಲುಸಾಲಾಗಿ, ಒಂದೂ ತಪ್ಪಿಲ್ಲದೆ. ಗಡಿಗೆಯಿದ್ದ ಅಂಚಿನಲ್ಲಿ ಎರಡೆಳೆ ರಂಗೋಲಿ. ಹನುಮವ್ವ ಕೈ ತೊಳೆದುಕೊಂಡು, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು, ಮದುವೆಮನೆಯ ಯಜಮಾನಿಯ ಹಾಗೆ ನಿಂತಿದ್ದಳು.

"ಬರ್ರಿ ಸರ್. ಇನ್ನಾ ಹಸಿ ಐತಿ, ಈ ಕಡಿಂದ ಬರ್ರಿ."

ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಗಣಿ ನೀರು ಪದರಗಳಿಗೆಲ್ಲ ಇಳಿದಿತ್ತು. ಅದರ ಜೊತೆ ಈ ವರ್ಷದ ಜೋಳದ ಹೊಟ್ಟು, ಒಣದಂಟಿನ ಕಣಕಿಯ ಚೂರು. ಇನ್ನು ಆ ನೆಲದ ಹಳೆಯ ಹೊಟ್ಟು ಯಾವುದರದೆಂದು ಯಾವ ಯಂತ್ರವೂ ಹೇಳುವಂತಿರಲಿಲ್ಲ. ಇಡೀ ದಿಬ್ಬವೇ ಸಗಣಿಯದು. ಆದರೆ ಆ ಸಗಣಿ ಇತಿಹಾಸ, ಹನುಮವ್ವನ ಬುಟ್ಟಿಯದು ಹೊಲಸು.

ಸರ್ ಕೂಗಾಡುವವರಲ್ಲ. ಅಂದು ಕೂಗಿದರು. "ಯಾರು ಹೇಳಿದರು ನಿನಗೆ? ಹೀಗೆ ಮಾಡು ಅಂತ ಹೇಳಿದ್ಯಾರು?"

ಹನುಮವ್ವನ ಮುಖದ ಬಣ್ಣ ಹೋಗಿತ್ತು. ಅವಳು ಸರ್ ಮುಖ ನೋಡಲಿಲ್ಲ, ನನ್ನನ್ನು ನೋಡಿದಳು. ಬಾಯಿ ತೆರೆಯಲಿಲ್ಲ. ನಾನು ನೋಟ್‌ಬುಕ್ಕಿನ ಹಾಳೆ ಮಗುಚಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ. ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಸರ್. ಜವಾಬ್ದಾರಿ ನಿನ್ನದು ಎಂದು ಅವರು ಹೇಳಿ ಒಂದು ದಿನವೂ ಕಳೆದಿರಲಿಲ್ಲ. ಅಷ್ಟು ಸಣ್ಣ ಲೆಕ್ಕಾಚಾರ ಅದು, ಅದಕ್ಕಿಂತ ದೊಡ್ಡದೇನಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಆ ಗಳಿಗೆಯಲ್ಲಿ ರೇಣವ್ವ ನನ್ನ ತಲೆಗೆ ಬರಲೇ ಇಲ್ಲ.

"ನಾಳೆಯಿಂದ ಬರಬೇಡ" ಎಂದರು ಸರ್.

ಹನುಮವ್ವ ಕುಣಿಯಿಂದ ಮೇಲೆ ಬಂದಳು. ಬುಟ್ಟಿ ಎತ್ತಿಕೊಂಡಳು. ಬದುವಿನ ಮೇಲೆ ಹೋಗುವಾಗ ಒಮ್ಮೆ ನಿಂತಳು, ತಿರುಗುತ್ತಾಳೆ ಅಂದುಕೊಂಡೆ, ತಿರುಗದೆ ಹೋದಳು. ಅಂದು ಮಧ್ಯಾಹ್ನವೇ ಗಡಿಗೆಯನ್ನು ಹತ್ತಿಯಲ್ಲಿ ಸುತ್ತಿ, ಪಟ್ಟಿ ಕಟ್ಟಿ, ಎತ್ತಿ ತಗಡಿನ ಟ್ರಂಕಿನಲ್ಲಿಟ್ಟೆವು. ಮೇಲೆ ನಂಬರು ಬರೆದವಳು ನಾನೇ.

ಸಂಜೆ ಸರ್ ಶಾಂತವಾದ ಮೇಲೆ ಹೇಳಬೇಕೆಂದುಕೊಂಡೆ. ಸಂಜೆ ಅವರಿಗೆ ತಲೆನೋವಿತ್ತು. ಮರುದಿನ ಹೇಳಬೇಕೆಂದುಕೊಂಡೆ. ಮರುದಿನ ಅವರ ಮುಖ ಇನ್ನೂ ಗಂಟಾಗಿತ್ತು. ನಾನು ಹಸನು ಮಾಡಿ ಎಂದೆ, ಸಾರಿಸಿ ಎನ್ನಲಿಲ್ಲವಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ನಾಲ್ಕನೆಯ ದಿನ ಗಟ್ಟಿ ಮನಸ್ಸು ಮಾಡಿ ಮೊದಲು ಹನುಮವ್ವನ ಮನೆಗೇ ಹೋದೆ. ಬಾಗಿಲಿಗೆ ಚಿಲಕ ಹಾಕಿ ಹಗ್ಗ ಬಿಗಿದಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದಳು.

"ಮೇಸ್ತ್ರಿ ಲಾರಿ ಕಡೀ ಸರ್ತಿ ಬಂದಿತ್ತು ನಿನ್ನಿ. ಅದರಾಗ ಹೋಗ್ಯಾಳ್ರಿ."

"ರೇಣವ್ವ?"

"ಅಕಿನ್ನೂ ಕರಕೊಂಡು ಹೋಗ್ಯಾಳ. ಒಬ್ಬಾಕಿನ್ನ ಬಿಟ್ಟು ಹೋಗಾಕ ಆಗತೈತೇನ್ರಿ, ತುಂಬಿದ ಬಸುರಿನ್ನ?"

ಆಮೇಲೆ ಸರ್‌ಗೆ ಹೇಳುವುದರಿಂದ ಏನು ಉಪಯೋಗ ಎಂದುಕೊಂಡೆ. ಹೀಗೆ ಅಂದುಕೊಳ್ಳುವುದು ಬಹಳ ಸುಲಭ. ಯುಗಾದಿಗೆ ಅಗೆತ ಮುಗಿಯಿತು. ವರದಿಯನ್ನು ನಾನೇ ಟೈಪು ಮಾಡಿದೆ. 'ಕೆಲಸಗಾರರ ಅಜಾಗರೂಕತೆಯಿಂದ ನೆಲವು ಕಲುಷಿತವಾದ ಕಾರಣ, ಈ ಜನ ಕೃಷಿ ಮಾಡುತ್ತಿದ್ದರೇ ಅಥವಾ ಕಾಡಿನ ಕಾಳನ್ನು ಸಂಗ್ರಹಿಸುತ್ತಿದ್ದರೇ ಎಂದು ನಿರ್ಧರಿಸಲಾಗಲಿಲ್ಲ.' ಕೆಲಸಗಾರರ ಎಂಬಲ್ಲಿ ಬೆರಳು ನಿಂತಿತು. ನಿಂತು ಮುಂದೆ ಹೋಯಿತು. ನನಗೆ ಪದವಿ ಬಂತು, ನೌಕರಿ ಬಂತು. ಪ್ರತಿ ವರ್ಷ ಜೂನಿನಲ್ಲಿ ಮಕ್ಕಳಿಗೆ ಮೊದಲ ಪಾಠವೇ ಅದು: ಮನುಷ್ಯ ಅಲೆಮಾರಿ ಬದುಕು ಬಿಟ್ಟು ಬೇಸಾಯ ಕಲಿತು ಒಂದೆಡೆ ನೆಲೆಸಿದ. ಹಲಗೆಯ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅವರಲ್ಲಿ ಅರ್ಧ ಮಕ್ಕಳು ಸಂಕ್ರಾಂತಿ ಆದ ಮೇಲೆ ಶಾಲೆಗೆ ಬರುವುದಿಲ್ಲ, ಅಪ್ಪ-ಅವ್ವನ ಜೊತೆ ಲಾರಿ ಹತ್ತಿರುತ್ತಾರೆ.

ಬಾವಿಕಟ್ಟೆಯ ಮೇಲೆ ಕೂತು ಇಷ್ಟೆಲ್ಲ ನೆನೆದೆ ಎಂದರೆ ಪೂರ್ತಿ ನಿಜವಲ್ಲ. ಇದನ್ನು ನಾನು ನೆನೆಯದ ವಾರವಿಲ್ಲ. ಸಮೀಕ್ಷೆಯ ಮೊದಲ ದಿನ ದಿಬ್ಬದ ಕಡೆಗೂ ಹೋಗಿ ಬಂದಿದ್ದೆ. ದಿಬ್ಬವಿರಲಿಲ್ಲ. ಕಡಲೆ ಕಿತ್ತ ಸಮ ಹೊಲ, ಅಷ್ಟೇ. ತಲೆ ಪೂರ್ತಿ ನೆರೆತ ಶೇಖರಪ್ಪ ಬದುವಿನ ಮೇಲೆ ನಿಂತು, "ಜೆಸಿಬಿ ತರಿಸಿ ಹೊಲ ಹಸನ ಮಾಡಿಸಿದ್ವಿರಿ. ಆ ಬೂದಿ ಎಲ್ಲಾ ಹೊಲಕ್ಕ ಹರವಿದ್ವಿ. ಎರಡ ವರ್ಸ ಪೀಕು ಛಲೋ ಬಂತು ನೋಡ್ರಿ" ಎಂದ. ಆ ಶಬ್ದ ಅವನ ಬಾಯಲ್ಲಿ ಕೇಳಿ ನಾನು ಮುಂದೇನೂ ಕೇಳದೆ ಹೊರಟು ಬಂದಿದ್ದೆ.

ಬಾವಿಕಟ್ಟೆಯಿಂದ ಎದ್ದು ಹೋಗಿ ಹನುಮವ್ವನ ಹೊಸ್ತಿಲ ಹೊರಗೆ ನಿಂತೆ. ಒಳಗೆ ಅವಳು ಒಳಗೋಡೆಯಿಂದ ಶುರುಮಾಡಿ, ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಾರಿಸುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಕೂದಲು ಬೆಳ್ಳಗಾಗಿತ್ತು. ಅಂಗೈ ಮಾತ್ರ ಅದೇ ಅರ್ಧಚಂದ್ರ ಬಿಡಿಸುತ್ತಿತ್ತು.

"ಸಮೀಕ್ಷೆಗೆ ಬಂದೀನ್ರಿ" ಎಂದೆ.

ತಿರುಗಿ ನೋಡಿದಳು. ಕಣ್ಣು ಸಣ್ಣ ಮಾಡಿದಳು. "ಗಂಗಾವತಿ ತಂಗಿ ಅಲ್ಲೇನು?"

"ಹೌದು."

"ಒಳಗ ಬರಬ್ಯಾಡ. ನೆಲ ಹಸಿ ಐತಿ. ಅಲ್ಲೇ ನಿಂತು ಕೇಳು, ಏನ ಕೇಳೂದೈತಿ." ಮತ್ತೆ ಬಗ್ಗಿದಳು.

ಬೇರೇನೂ ತೋಚದೆ ಮೊಬೈಲು ತೆಗೆದೆ. ಮನೆಯಲ್ಲಿ ಎಷ್ಟು ಮಂದಿ? "ನಾನು, ನನ್ನ ಗಂಡ. ಅಂವ ಕುರಿ ಹಿಂದ ಹೋಗ್ಯಾನ." ನೆಲ ಯಾವುದರದು ಎಂದು ಕೇಳಲಿಲ್ಲ, ಮಣ್ಣು ಎಂದು ಒತ್ತಿದೆ. ಅವಳೇ ಹೇಳಿದಳು: "ಮನಿ ಹಾಕಿ ಕೊಡ್ತೀವಂತ ಪಂಚಾಯ್ತಿಯವರು ಬಂದಿದ್ರು. ಬಚ್ಚಲತನಕಾ ಬುನಾದಿ ತೋಡಬೇಕು ಅಂದ್ರು. ಬ್ಯಾಡ ಅಂದೆ."

ಬಚ್ಚಲ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು. "ರೇಣವ್ವ ಹ್ಯಾಂಗ ಅದಾಳ?"

"ಗಂಡನ ಮನ್ಯಾಗ ಅದಾಳ. ಮತ್ತ ಹಡೀಲಿಲ್ಲ."

"ಆ ಸಲದ್ದು?"

ಅಂಗೈ ನಿಲ್ಲಲಿಲ್ಲ. "ರಸ್ತೆ ಕೆಲಸದಾಗ ಹಡದ್ಲು, ದಿನಾ ತುಂಬೂಕಿಂತ ಮೊದಲ. ಗಂಡು ಕೂಸು. ಮೂರ ದಿನಾ ಇತ್ತು. ಮನೀ ಬಾಜೂಕ ಇಡಬೇಕು ಅಂದ್ರ ಅಲ್ಲಿ ಮನಿ ಎಲ್ಲೈತಿ? ರಸ್ತೆ ಮಗ್ಗಲಿಗೆ ಇಟ್ವಿ, ಮ್ಯಾಲೊಂದು ಕಲ್ಲಿಟ್ವಿ. ಮರು ವರ್ಸ ಹೋದಾಗ ರಸ್ತೆ ಅಗಲ ಮಾಡಿದ್ರು. ಕಲ್ಲು ಇರಲಿಲ್ಲ. ಎಲ್ಲಾ ಡಾಂಬರ."

ಓಣಿಯಲ್ಲಿ ಯಾವುದೋ ಟ್ರಾಕ್ಟರು ಹೋಯಿತು.

"ನಿಮ್ಮ ಆ ಗಡಿಗಿ ಕೂಸು ಎಲ್ಲೈತಿ ಈಗ?" ಎಂದು ಅವಳೇ ಕೇಳಿದಳು.

"ಟ್ರಂಕಿನ್ಯಾಗ ಇಟ್ಟಿದ್ವಿ. ಈಗ ಎಲ್ಲೈತೋ ನನಗ ಗೊತ್ತಿಲ್ಲ ಹನುಮಕ್ಕಾ."

"ಬಿತ್ತತಿದ್ರೋ ಆರಿಸಿಕೊಂಡು ತಿಂತಿದ್ರೋ, ಅದಾದ್ರೂ ಗೊತ್ತಾತೇನು ನಿಮ್ಮ ಸರಗ?"

"ಇಲ್ಲ."

"ಹಂಗಾರ ಯಾರಿಗೂ ಏನೂ ದಕ್ಕಲಿಲ್ಲ."

ಆಗ ಹೇಳಿದೆ. ಹದಿನಾಲ್ಕು ವರ್ಷ ಬಾಯೊಳಗಿದ್ದ ಮಾತು, ಬಂದಾಗ ಬಹಳ ಚಿಕ್ಕದಾಗಿತ್ತು. "ಹನುಮಕ್ಕಾ, ನೆಲ ಹಸನ ಮಾಡಂತ ನಿಮಗ ಹೇಳಿದಾಕಿ ನಾನು. ತಪ್ಪು ನಂದು. ಸರ್‌ಗೆ ನಾ ಹೇಳಲಿಲ್ಲ."

ಅವಳ ಅಂಗೈ ನಿಂತಿತು. ತಿರುಗಲಿಲ್ಲ.

"ನನಗೇನ ಬಾಯಿ ಇರಲಿಲ್ಲೇನು ತಂಗಿ? ಅವತ್ತ ನಾನ ಹೇಳತಿದ್ದೆ. ನೀ ಹೇಳ್ತಿ ಅಂತ ಸುಮ್ಮನ ನಿಂತೆ."

ಬುಟ್ಟಿಯಿಂದ ಇನ್ನೊಂದು ಹಿಡಿ ತೆಗೆದು ನೆಲಕ್ಕೆ ಹಾಕಿಕೊಂಡಳು. ಹಿಂದೆ ಹಿಂದೆ ಸರಿಯುತ್ತ, ಒಂದರ ಪಕ್ಕ ಒಂದು ಅರ್ಧಚಂದ್ರ ಎಳೆಯುತ್ತ, ಹೊಸ್ತಿಲ ತನಕ ಬಂದಳು. ನಾನು ನಿಂತಿದ್ದ, ಹೊಸ್ತಿಲ ಹೊರಗಿನ ಕಟ್ಟೆಯನ್ನೂ ಸಾರಿಸುವುದಿತ್ತು.

"ಸರಿ" ಎಂದಳು.

ನಾನು ಓಣಿಗೆ ಇಳಿದೆ.